ಐದು ಮಂದಿಗೆ ಒಂದೂವರೆ ಟಿಕೆಟ್

ನಿನ್ನೆ ಬ್ಲೌಸ್ ಒಯ್ಯಲು ಅಂಗಡಿಗೆ ಬಂದ ಅಕ್ಕ ಒಬ್ಬರು ಕೇಳಿದರು, "ಹತ್ತು ಸಾವಿರದಾಗ ಐದು ಮಂದಿ ಸಮುದ್ರ ನೋಡಿ ಬಂದ್ರಂತಲ್ಲ, ಖರೇ ಏನ್ರೀ?" ಖರೇ. ಸರಿಯಾಗಿ ಹೇಳಬೇಕೆಂದರೆ ಹತ್ತು ಸಾವಿರದ ಎಂಟುನೂರು. ಇದನ್ನೇ ನಾಲ್ಕು ಜನಕ್ಕೆ ಬಾಯಿಂದ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ. ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ನಮ್ಮ ಹಳೇ ದಡ್ಡತನ ಹೇಳಬೇಕು. ನಾಲ್ಕು ವರ್ಷದ ಹಿಂದೆ ಅತ್ತೆ ಒಬ್ಬರನ್ನು ಬಿಟ್ಟು ನಾವೂ ನಮ್ಮ ಮೈದುನನ ಮನೆಯವರೂ ಸೇರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಿದ್ದೆವು. ಎರಡೂವರೆ ದಿನದಲ್ಲಿ ಶಿರಸಿ, ಜೋಗ, ಇಡಗುಂಜಿ, ಮುರುಡೇಶ್ವರ, ಗೋಕರ್ಣ, ಕಾರವಾರ. ಕೇಳಲು ಎಷ್ಟು ಚಂದ ಅಲ್ವಾ? ನಮ್ಮ ಪಾಲಿಗೆ ಬಂದ ಖರ್ಚು ಹತ್ತೊಂಬತ್ತು ಸಾವಿರ. ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮಕ್ಕಳು ಚಪ್ಪಲಿ ಬಿಚ್ಚಿ ನೀರಿಗೆ ಕಾಲಿಡುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯಲು ಶುರು ಮಾಡಿದ. ಇಡೀ ಪ್ರವಾಸದಲ್ಲಿ ನಾವು ಸಮುದ್ರದ ಹತ್ತಿರ ಇದ್ದದ್ದು ಎಲ್ಲಾ ಸೇರಿ ಎರಡು ತಾಸು. ಉಳಿದದ್ದೆಲ್ಲ ಮುಂದಿನ ಸೀಟಿನ ಬೆನ್ನು ನೋಡಿದ್ದು.

ಮೊಬೈಲಿನಲ್ಲಿ 'ಸೀ ವ್ಯೂ' ಎಂದು ನೋಡಿ ಹಿಡಿದ ರೂಮಿನ ಕಥೆ ಬೇರೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಸಮುದ್ರ ಕಾಣುತ್ತಿತ್ತು, ಇಲ್ಲ ಅನ್ನಲ್ಲ. ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತರೆ, ಮೇಲಿನ ಸಣ್ಣ ಕಿಂಡಿಯಲ್ಲಿ ಅಂಗೈ ಅಗಲದ ನೀಲಿ. ನಮ್ಮ ಮಗ ದಿನಕ್ಕೆ ಹತ್ತು ಸಲ ಹತ್ತಿ ನೋಡಿದ. ಆ ವ್ಯೂಗೆ ದಿನಕ್ಕೆ ಎಂಟುನೂರು ರೂಪಾಯಿ ಜಾಸ್ತಿ ಕೊಟ್ಟಿದ್ದೆವು.

ನಮ್ಮೂರಿಗೆ ಬರುವ ಪ್ರವಾಸಿಗರನ್ನು ನೋಡಿ ನಾವು ನಗುತ್ತೇವೆ. ಗೋಳಗುಮ್ಮಟದಲ್ಲಿ ಏದುಸಿರು ಬಿಡುತ್ತಾ ಮೇಲೆ ಹತ್ತುತ್ತಾರೆ, ಒಂದು ಸಲ "ಹೋ" ಅಂತಾರೆ, ಅದು ಏಳು ಸಲ ವಾಪಸ್ ಬರುವ ಮೊದಲೇ ಕೆಳಗಿಳಿಯುತ್ತಾರೆ. ಇಬ್ರಾಹಿಂ ರೋಜಾ ಇಪ್ಪತ್ತು ನಿಮಿಷ, ಬಾರಾ ಕಮಾನ್ ಗಾಡಿಯಿಂದಲೇ. ಮೂರು ತಾಸಿನಲ್ಲಿ ವಿಜಯಪುರ ಮುಗಿಸಿ ಬಾದಾಮಿಗೆ ಓಟ. ಕರಾವಳಿಗೆ ಹೋಗಿ ನಾವು ಮಾಡಿದ್ದೂ ಅದನ್ನೇ. ಅಲ್ಲಿನವರೂ ನಮ್ಮನ್ನು ನೋಡಿ ಹಾಗೇ ನಕ್ಕಿರಬೇಕು.

ಹಾಗಾಗಿ ಈ ಸಲ ನನ್ನದು ಒಂದೇ ಹಟ: ಒಂದು ಊರು, ಮೂರು ರಾತ್ರಿ. ಬೇರೆ ಎಲ್ಲಿಗೂ ಹೋಗುವುದಿಲ್ಲ. "ಅಷ್ಟು ದೂರ ಹೋಗಿ ಮುರುಡೇಶ್ವರ ನೋಡ್ದೆ ಬರ್ತೀರಾ?" ಎಂದು ಬೀಗರು ಕೇಳಿದರು. ಹೌದು, ನೋಡದೇ ಬರುತ್ತೇವೆ. ಪ್ರವಾಸದ ಅರ್ಧ ರೊಕ್ಕ ಹೋಗುವುದು ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ. ಊರು ಬದಲಾದ ಹಾಗೆಲ್ಲ ಗಾಡಿ, ಹೊಸ ರೂಮು, ದಾರಿಯ ತಿಂಡಿ, ಮಕ್ಕಳ ಹಟ ಎಲ್ಲಾ ಹೊಸದಾಗಿ ಶುರು.

ಊರು ಗೋಕರ್ಣ ಎಂದು ನಿಕ್ಕಿ ಮಾಡಿದೆವು. ಅತ್ತೆಗೆ ಮಹಾಬಲೇಶ್ವರ, ಮಕ್ಕಳಿಗೆ ಸಮುದ್ರ. ಗುಡಿಯಿಂದ ನಡೆದು ಹೋದರೆ ಐದು ನಿಮಿಷಕ್ಕೆ ಮರಳು ಸಿಗುತ್ತದೆ. ಗುಡ್ಡ ಹತ್ತಿ ಇಳಿದರೆ ಕುಡ್ಲೆ ಬೀಚ್, ಇನ್ನೂ ಮುಂದೆ ಓಂ ಬೀಚ್. ನಮ್ಮ ಮನೆಯವರ ಗೆಳೆಯರು ಗೋವಾ ಅಂದರು. ಬೆಳಗಾವಿಯವರಿಗೆ ಗೋವಾ ಹತ್ತಿರ, ಅವರ ಲೆಕ್ಕ ಬೇರೆ. ನಮ್ಮ ಲೆಕ್ಕ ರಾಜ್ಯದ ಗಡಿ ದಾಟಿದ ಕೂಡಲೇ ತಪ್ಪುತ್ತದೆ. ಯಾಕೆ ಅಂತ ಹೇಳುತ್ತೇನೆ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂತು, ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆ ಅದನ್ನು ಆಸ್ಪತ್ರೆಗೆ, ತವರಿಗೆ, ಹೆಚ್ಚೆಂದರೆ ಧರ್ಮಸ್ಥಳಕ್ಕೆ ಬಳಸುತ್ತಾರೆ. ಅದೇ ಆಧಾರ್ ಕಾರ್ಡ್ ತೋರಿಸಿ ಸಮುದ್ರಕ್ಕೂ ಹೋಗಬಹುದು ಎಂದು ಯಾರೂ ಯೋಚಿಸುವುದಿಲ್ಲ. ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗಾದರೂ ಸರಿ. ರಾಜಹಂಸ, ಸ್ಲೀಪರ್, ಎಸಿ ಇಲ್ಲ, ಹೊರರಾಜ್ಯಕ್ಕೆ ಹೋಗುವ ಬಸ್ಸೂ ಇಲ್ಲ. ಅತ್ತೆಗೆ ಸೊನ್ನೆ, ನನಗೆ ಸೊನ್ನೆ, ಮಗಳಿಗೆ ಸೊನ್ನೆ. ಒಂಬತ್ತು ವರ್ಷದ ಮಗನಿಗೆ ಅರ್ಧ. ಪೂರ್ತಿ ಟಿಕೆಟ್ ನಮ್ಮ ಮನೆಯವರಿಗೆ ಮಾತ್ರ. ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾ, "ಸಾಹೇಬ್ರು ಒಬ್ರೇ ಸಿಕ್ಕಿಬಿದ್ರಿ" ಅಂದ. ಹೋಗಿಬರುವ ಬಸ್ ಖರ್ಚು ಎರಡು ಸಾವಿರ ಮುಟ್ಟಲಿಲ್ಲ. ಪುಕ್ಕಟೆ ಅಂತ ಹಂಗಿಸುವವರು ಹಂಗಿಸಲಿ. ಅರವತ್ತನಾಲ್ಕು ವರ್ಷ ಸಮುದ್ರ ನೋಡದ ಹೆಂಗಸು ನಮ್ಮ ಮನೆಯಲ್ಲಿದ್ದಳು, ಅದಕ್ಕೆ ಏನು ಹೇಳುತ್ತಾರೆ?

ಇನ್ನೊಂದು ತಮಾಷೆ. ನಮ್ಮೂರ ಮಗ್ಗುಲಲ್ಲಿ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಿಂದ ಬಂದು ಅಂಕೋಲೆಯಲ್ಲಿ ಮುಗಿಯುತ್ತದೆ. ಅಂದರೆ ನಮ್ಮ ರಸ್ತೆಯ ತುದಿಯಲ್ಲೇ ಸಮುದ್ರ ಇದೆ, ಸುಮಾರು 330 ಕಿಲೋಮೀಟರ್. ನಾನು ನಲವತ್ತು ವರ್ಷ ಇದೇ ರಸ್ತೆ ದಾಟಿ ಸಂತೆಗೆ ಹೋಗಿದ್ದೇನೆ, ಈ ವಿಷಯ ಗೊತ್ತೇ ಇರಲಿಲ್ಲ. ರೈಲಿನಲ್ಲಿ ಹೋಗೋಣ ಎಂದರೆ, ಹುಬ್ಬಳ್ಳಿ-ಅಂಕೋಲಾ ರೈಲು ನಾನು ಲಂಗ ತೊಡುವಾಗಿನಿಂದ ಪೇಪರಿನಲ್ಲೇ ಓಡುತ್ತಿದೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಕೊಲ್ಹಾರದ ಸೇತುವೆ ಬಂದಾಗ ಎಲ್ಲರೂ ಕಿಟಕಿಗೆ ಮುಖ ಹಚ್ಚಿದರು, ಅತ್ತೆ ಮಾತ್ರ ಆ ಕಡೆ ತಿರುಗಲಿಲ್ಲ. ಅವರದು ಹಳೇ ಕೊಲ್ಹಾರ. ಹುಟ್ಟಿದ ಮನೆ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಹೊರಡುವ ಹಿಂದಿನ ದಿನ ಅವರು ಹೇಳಿದ್ದೂ ಅದೇ, "ನೀರು ನೋಡಾಕ ರೊಕ್ಕ ಕೊಟ್ಟು ಅಷ್ಟು ದೂರ ಹೋಗಬೇಕೇನ?" ನಿಲ್ದಾಣದಲ್ಲಿ ಮಡಕೆ ಮೊಸರು ಮಾರುವವಳು ಬಂದಳು. ಮೊಸರು ತೆಗೆದುಕೊಂಡೆವು, ಮಾತು ಅಲ್ಲಿಗೆ ಬಿಟ್ಟೆವು.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಬುತ್ತಿ ಬಿಚ್ಚಿ ಊಟ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಬಯಲುಸೀಮೆಯವರಿಗೆ ಒಂದು ಮಾತು: ಘಟ್ಟ ಇಳಿಯುವ ಮೊದಲು ಹೊಟ್ಟೆ ತುಂಬಾ ತಿನ್ನಬೇಡಿ, ಹಿಂದಿನ ಸೀಟಿನಲ್ಲಿ ಕೂರಬೇಡಿ, ಮೊಬೈಲ್ ನೋಡಬೇಡಿ. ನಾವು ಮೂರನ್ನೂ ಮಾಡಿದೆವು. ಹೆಚ್ಚಿಗೆ ಬರೆಯುವುದಿಲ್ಲ. ಸಂಜೆ ಐದಕ್ಕೆ ಗೋಕರ್ಣ.

ಯಾವಾಗ ಹೋಗಬೇಕು ಎನ್ನುವುದು ಎಲ್ಲಕ್ಕಿಂತ ದೊಡ್ಡ ಲೆಕ್ಕ. ದಸರಾ ಹಬ್ಬ ಮುಗಿದು, ರಜೆ ಇನ್ನೂ ಉಳಿದಿದ್ದ ವಾರ ಹೋದೆವು. ಭಾನುವಾರ ಸಂಜೆ ತಲುಪಿ ಬುಧವಾರ ಬೆಳಿಗ್ಗೆ ಹೊರಟೆವು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸುಗಳು ಬಂದು ಇಳಿಯುತ್ತವೆ, ಭಾನುವಾರ ರಾತ್ರಿ ಅದೇ ಜನ ವಾಪಸ್. ಅವರು ಬಿಟ್ಟ ರೂಮಿಗೆ ನಾವು ಹೋದರೆ ರೇಟು ಬೇರೆಯೇ. ನಾವು ಉಳಿದದ್ದು ಒಂದು ಮನೆಯ ಮಾಳಿಗೆಯಲ್ಲಿ, ಗುಡಿಯ ಹಿಂದಿನ ಓಣಿ. ಎರಡು ಮಂಚ, ಮೇಲೊಂದು ಗಾದಿ, ದಿನಕ್ಕೆ ಸಾವಿರದ ನಾನೂರು. ಶಿವರಾತ್ರಿಗೆ ಇದೇ ರೂಮು ಎಷ್ಟಾಗುತ್ತದೆ ಎಂದು ಕೇಳಿದೆ, ಆ ಮನೆಯ ಅಕ್ಕ ಬರೀ ನಕ್ಕರು.

ಮಳೆಗಾಲದಲ್ಲಿ ರೂಮು ಇನ್ನೂ ಅಗ್ಗ. ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ಅಲ್ಲಿ ಹುಟ್ಟಿ ಬೆಳೆದವರೇ ನೀರಿಗಿಳಿಯದಿರುವಾಗ ನಮಗೇನು ಕೆಲಸ? ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದೂ ಜುಲೈನಲ್ಲೇ, 2024ರಲ್ಲಿ.

ಯಾರೂ ಹಿಡಿಯದ ಖರ್ಚು ಒಂದಿದೆ. ಅಂಗಡಿ ಬಾಗಿಲು ಹಾಕಿದ ಖರ್ಚು. ಸಂಬಳದವರಿಗೆ ರಜೆ ಅಂದರೆ ರಜೆ, ನಮ್ಮಂಥವರಿಗೆ ರಜೆ ಅಂದರೆ ದುಡಿಮೆ ಇಲ್ಲ. ದೀಪಾವಳಿ ಬ್ಲೌಸ್‌ಗಳು ಗಂಟು ಕಟ್ಟಿ ಕೂತಿದ್ದವು. ನಾಲ್ಕು ದಿನಕ್ಕೆ ಕಡಿಮೆ ಎಂದರೂ ಎರಡೂವರೆ ಸಾವಿರ ಹೋಯಿತು. ಬಂದ ಮೇಲೆ ರಾತ್ರಿ ಹನ್ನೊಂದರವರೆಗೆ ಮಷೀನ್ ತುಳಿದು ಸರಿ ಮಾಡಿದೆ. ಮೇಲೆ ಹೇಳಿದ ಹತ್ತು ಸಾವಿರದ ಎಂಟುನೂರರಲ್ಲಿ ಇದು ಸೇರಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಈಗ ರೊಟ್ಟಿ ವಿಷಯ. ಅರವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ ಒಯ್ದಿದ್ದೆ. ಹೊರಗೆ ಊಟ ಒಂದೇ ಹೊತ್ತು ಎಂದು ನನ್ನ ಯೋಜನೆ. ನಮ್ಮೂರಲ್ಲಿ ಖಡಕ್ ರೊಟ್ಟಿ ತಿಂಗಳು ಇಟ್ಟರೂ ಹಪ್ಪಳದ ಹಾಗೆ ಮುರಿಯುತ್ತದೆ. ಗೋಕರ್ಣದಲ್ಲಿ ಮೊದಲ ರಾತ್ರಿ ಕಳೆದು ಬೆಳಿಗ್ಗೆ ಗಂಟು ಬಿಚ್ಚಿದರೆ ರೊಟ್ಟಿ ಒದ್ದೆ ಅರಿವೆಯ ಹಾಗೆ ಜೋತು ಬಿತ್ತು. ಎರಡು ಕೈಯಲ್ಲಿ ಹಿಡಿದು ಎಳೆದರೆ ಮುರಿಯಲಿಲ್ಲ, ಬಗ್ಗಿತು. ಮಗಳು ಅದನ್ನು ಮಡಚಿ ಕರ್ಚೀಫಿನ ಹಾಗೆ ಜೇಬಿಗಿಟ್ಟು ತೋರಿಸಿದಳು. ಅಲ್ಲಿನ ಗಾಳಿಯಲ್ಲೇ ನೀರಿದೆ. ಒಗೆದು ಹಾಕಿದ ಟವೆಲ್ ಎರಡು ದಿನಕ್ಕೂ ಒಣಗಲಿಲ್ಲ. ನಮ್ಮ ನಲವತ್ತು ಡಿಗ್ರಿ ಬಿಸಿಲಿಗೆ ಜಗ್ಗದವರು ಅಲ್ಲಿ ಮೂವತ್ತೆರಡಕ್ಕೆ ಬೆವತು ಕೂತೆವು.

ಅತ್ತೆ ಸುಮ್ಮನಿರಲಿಲ್ಲ. ರೊಟ್ಟಿ ಗಂಟು ಹಿಡಿದು ಸೀದಾ ಕೆಳಗಿನ ಅಡುಗೆ ಮನೆಗೆ ಹೋದರು. ಆ ಅಕ್ಕನ ಕಾವಲಿಯ ಮೇಲೆ ಒಂದೊಂದೇ ಒತ್ತಿ ಒತ್ತಿ ಮತ್ತೆ ಖಡಕ್ ಮಾಡಿದರು. ಅಕ್ಕ ಒಂದು ತುಂಡು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, "ರಾಶಿ ಚೊಲೋ ಇದ್ದು" ಅಂದರು. ಅತ್ತೆಗೆ 'ಚೊಲೋ' ತಿಳಿಯಿತು. "ಯಾವ ರಾಶಿನವ್ವಾ? ಜ್ವಾಳದ್ದ?" ಎಂದು ಕೇಳಿದರು. ನಮಗೆ ರಾಶಿ ಅಂದರೆ ಕಣದ ಕಾಳಿನ ಗುಡ್ಡೆ, ಅವರಿಗೆ ರಾಶಿ ಅಂದರೆ ಬಹಳ. ಅದರ ಮೇಲೆ ಇಬ್ಬರೂ ಅರ್ಧ ತಾಸು ನಕ್ಕರು. ಆಮೇಲೆ ಎರಡೂ ದಿನ ಮಧ್ಯಾಹ್ನಕ್ಕೆ ನಮಗೆ ತಂಬುಳಿ, ಅವರಿಗೆ ರೊಟ್ಟಿ. ಇದಕ್ಕೆ ಬಿಲ್ ಬರಲಿಲ್ಲ. ಆರು ಊರು ಸುತ್ತಿದ್ದರೆ ಇದು ಸಿಗುತ್ತಿತ್ತಾ?

ನೀರಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ಕು ಶಾಲಾ ಹುಡುಗಿಯರು ಮುಳುಗಿ ಹೋದರು. ಬಾವಿಯಲ್ಲಿ ಈಜು ಕಲಿತವರಿಗೂ ಸಮುದ್ರ ಹೊಸದು, ಅದು ಕಾಲ ಕೆಳಗಿನ ಮರಳನ್ನೇ ಎಳೆಯುತ್ತದೆ. ಮೊಣಕಾಲಿನವರೆಗೆ ಮಾತ್ರ, ದೊಡ್ಡವರ ಕೈ ಹಿಡಿದು, ಹೊತ್ತು ಮುಳುಗಿದ ಮೇಲೆ ಬೇಡ. ಸೀಟಿ ಊದಿದರೆ ಸಿಟ್ಟಾಗಬೇಡಿ, ಹೊರಗೆ ಬನ್ನಿ. ಬೆಳಿಗ್ಗೆ ಹೋಗಿ ಅಲ್ಲಿನ ಮೀನುಗಾರರನ್ನೇ ಕೇಳಿ, ಭರತ ಯಾವಾಗ, ಇಳಿತ ಯಾವಾಗ ಅಂತ. ದಿನಕ್ಕೆ ಎರಡೆರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಳಿತದಲ್ಲಿ ಮರಳು ಗಟ್ಟಿ ಇರುತ್ತದೆ, ಮಕ್ಕಳು ಏಡಿ ಬೆನ್ನು ಹತ್ತಿ ಓಡಿದರೆ ತಾಸುಗಟ್ಟಲೆ ಖರ್ಚಿಲ್ಲ. ಬನಾನಾ ಬೋಟ್, ಜೆಟ್ ಸ್ಕೀ ಎಲ್ಲಾ ಆಮೇಲೆ ನೆನಪಾಗುವುದೇ ಇಲ್ಲ.

ಎರಡನೇ ದಿನ ಸಂಜೆ ಅತ್ತೆ ಸೀರೆ ಎತ್ತಿ ಸಿಕ್ಕಿಸಿ ನೀರಿನ ಅಂಚಿನಲ್ಲಿ ಕೂತಿದ್ದರು. ತೆರೆ ಬಂದು ಪಾದ ತೋಯಿಸಿ ಹೋಗುತ್ತಿತ್ತು. ಇಳಿತದ ಹೊತ್ತು, ಒಂದೊಂದು ತೆರೆಯೂ ಸ್ವಲ್ಪ ಸ್ವಲ್ಪ ದೂರದಲ್ಲೇ ನಿಲ್ಲಲು ಶುರುವಾಯಿತು. ಬಹಳ ಹೊತ್ತು ನೋಡಿ, "ಇದು ಬಂದದ್ದು ತಿರುಗಿ ಹೋಗ್ತೈತಿ ನೋಡವ್ವಾ. ನಮ್ಮೂರಾಗ ಬಂದದ್ದು ಹೋಗಲೇ ಇಲ್ಲ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಗ ಬಂದು ಅವರ ಮಡಿಲಿಗೆ ಚಿಪ್ಪು ಸುರಿದ.

ಲೆಕ್ಕ ಕೇಳಿದವರಿಗೆ: ರೂಮು ನಾಲ್ಕು ಸಾವಿರದ ಇನ್ನೂರು. ಬಸ್ಸಿಗೆ ಸಾವಿರದ ಎಂಟುನೂರು. ಆಟೋಗೆ ಎಂಟುನೂರು. ಊಟ, ತಿಂಡಿ, ಚಹಾ, ಎಳನೀರು ಮೂರು ಸಾವಿರ. ಉಳಿದ ಸಾವಿರ ಗುಡಿ, ಆಟಿಗೆ, ಮತ್ತು ಅತ್ತೆ ಚೌಕಾಸಿ ಮಾಡದೇ ತೆಗೆದುಕೊಂಡ ಒಂದು ಚಾಪೆ. ವರ್ಷವಿಡೀ ವಾರಕ್ಕೆ ಇನ್ನೂರರಂತೆ ಶಾವಿಗೆ ಡಬ್ಬಿಯಲ್ಲಿ ಹಾಕುತ್ತಾ ಬಂದಿದ್ದೆ, ಸಾಲ ಆಗಲಿಲ್ಲ.

ಮುಂದಿನ ಸಲ ಕಾರವಾರ, ಅದೂ ಒಂದೇ ಊರು, ಮೂರು ರಾತ್ರಿ. ಏಪ್ರಿಲ್ ಎರಡನೇ ವಾರ ಶಾಲೆ ಬಿಟ್ಟ ಕೂಡಲೇ ಅಂಗಡಿ ನಾಲ್ಕು ದಿನ ಬಂದ್ ಇರುತ್ತದೆ. ಮದುವೆ ಬ್ಲೌಸ್ ಇದ್ದವರು ಮಾರ್ಚ್‌ನಲ್ಲೇ ತಂದುಕೊಡಿ. ಅಳತೆ ಬ್ಲೌಸ್ ಮರೆಯದೇ ತನ್ನಿ.