ಸ್ಕಿಪ್ಪು, ಸಾರ್ವೆ ಮತ್ತೆ ಮನೆ ಮುಂದಿನ ರೋಡು

ಇಂಗ್ಲೆಂಡಲ್ಲಿ ಮನೆ ರಿಪೇರಿಗೆ ಕೈ ಹಾಕಿರೋ ನಮ್ಮ ಕನ್ನಡದವರನ್ನ ಯಾರನ್ನಾದ್ರೂ ಮಾತಾಡ್ಸಿ ನೋಡಿ, ಮೊದಲು ಬಿಲ್ಡರ್‌ಗೆ ಬೈತಾರೆ, ಆಮೇಲೆ ಕೌನ್ಸಿಲ್‌ಗೆ, ಅಂದ್ರೆ ಇಲ್ಲಿನ ಪಾಲಿಕೆಗೆ ಬೈತಾರೆ. "ನಮ್ಮನೆ ಮುಂದೆ ಒಂದು ತೊಟ್ಟಿ ಇಡೋಕೂ ದುಡ್ಡು ಕಟ್ಬೇಕಂತೆ ಮಾರಾಯ, ಕೌನ್ಸಿಲ್ ಟ್ಯಾಕ್ಸ್ ಬೇರೆ ಕಟ್ತೀವಲ್ಲ" ಅನ್ನೋದು ಮಾಮೂಲಿ ಡೈಲಾಗ್. ನಮ್ಮನೇಲಿ ಲಾಫ್ಟ್ (ಛಾವಣಿ ಕೆಳಗಿನ ಅಟ್ಟ) ಕೆಲಸ ನಡೆದಾಗ ಆ ಬಿಲ್ ನೋಡಿ ನನಗೂ ಉರಿದಿತ್ತು. ಆದ್ರೂ ನನ್ನ ವಾದ ಏನಪ್ಪಾ ಅಂದ್ರೆ, ರೋಡಲ್ಲಿ ಸ್ಕಿಪ್ (ಅದೇ ಆ ತೊಟ್ಟಿ) ಇಡೋಕೆ, ಫುಟ್‌ಪಾತ್ ಮೇಲೆ ಸಾರ್ವೆ (ಸ್ಕ್ಯಾಫೋಲ್ಡಿಂಗ್) ಕಟ್ಟೋಕೆ ಕೌನ್ಸಿಲ್ ಪರ್ಮಿಷನ್ ಇರ್ಲೇಬೇಕು, ಸ್ಕಿಪ್ ವಿಷ್ಯದಲ್ಲಿ ಈಗಿರೋದು ಸರಿಯಾಗೇ ಇದೆ, ಸಾರ್ವೆ ವಿಷ್ಯದಲ್ಲಿ ಇನ್ನೂ ಬಿಗಿ ಆಗ್ಬೇಕು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಊರಲ್ಲಿರೋರಿಗೆ ಗೊತ್ತಾಗ್ಲಿ ಅಂತ, ಸ್ಕಿಪ್ ಅಂದ್ರೆ ಒಡೆದ ಇಟ್ಟಿಗೆ, ಹಳೇ ಮರ, ಮಣ್ಣು ತುಂಬೋ ದೊಡ್ಡ ಕಬ್ಬಿಣದ ತೊಟ್ಟಿ. ಲಾರಿ ಬಂದು ಚೈನಲ್ಲಿ ಇಳಿಸಿ ಹೋಗುತ್ತೆ, ತುಂಬಿದ್ಮೇಲೆ ಫೋನ್ ಮಾಡಿದ್ರೆ ಎತ್ಕೊಂಡು ಹೋಗುತ್ತೆ. ಸೈಜ್ ಎಲ್ಲಾ ಕ್ಯೂಬಿಕ್ ಯಾರ್ಡ್ ಲೆಕ್ಕ, ಬಿಲ್ಡರ್‌ಗಳು ಜಾಸ್ತಿ ತರ್ಸೋದು ಆರು ಇಲ್ಲಾ ಎಂಟು ಯಾರ್ಡ್‌ದು. ಮನೆ ಮುಂದೆ ಸ್ವಂತ ಡ್ರೈವ್‌ವೇ ಇದ್ದು ಅದರ ಒಳಗೇ ಇಟ್ರೆ ಯಾರನ್ನೂ ಕೇಳ್ಬೇಕಿಲ್ಲ. ನಮ್ಮಂಥ ಸಾಲುಮನೆಯವರದ್ದೇ ಕಷ್ಟ, ಬಾಗಿಲು ತೆಗೆದ್ರೆ ಫುಟ್‌ಪಾತು, ಅದು ದಾಟಿದ್ರೆ ರೋಡು, ಸ್ಕಿಪ್ ಇಡೋಕೆ ಬೇರೆ ಜಾಗಾನೇ ಇಲ್ಲ.

ರೋಡಲ್ಲಿ ಇಡ್ಬೇಕು ಅಂದ್ರೆ 1980ರ ಹೈವೇಸ್ ಆ್ಯಕ್ಟ್, ಸೆಕ್ಷನ್ 139. ಇಂಗ್ಲೆಂಡ್, ವೇಲ್ಸ್ ಎರಡಕ್ಕೂ ಇದೇ, ಸ್ಕಾಟ್ಲೆಂಡ್‌ಗೆ ಬೇರೆ ಕಾನೂನು. ಹೈವೇ ಅಂದ ತಕ್ಷಣ ನಮಗೆ ಮೈಸೂರು ರೋಡ್ ಜ್ಞಾಪಕ ಬರುತ್ತೆ, ಇಲ್ಲಿ ಕಾನೂನಿನ ಲೆಕ್ಕದಲ್ಲಿ ನಮ್ಮ ಗಲ್ಲಿ, ಅದರ ಫುಟ್‌ಪಾತು ಎಲ್ಲಾ ಹೈವೇನೇ. ಪರ್ಮಿಷನ್ ಬರವಣಿಗೇಲೇ ಇರ್ಬೇಕು, ಎಲ್ಲಿ ಇಡ್ಬೇಕು, ಎಷ್ಟು ದೊಡ್ಡದಿರ್ಬೇಕು, ಯಾವ ದಿನದೊಳಗೆ ಎತ್ತಬೇಕು ಅಂತ ಕೌನ್ಸಿಲ್ ಕಂಡಿಷನ್ ಹಾಕ್ಬೋದು. ಸಾಮಾನ್ಯವಾಗಿ ಇದನ್ನ ಮನೆಯವರು ಮಾಡೋ ಹಾಗಿಲ್ಲ, ಸ್ಕಿಪ್ ಕಂಪನಿಯವರೇ ಅಪ್ಲೈ ಮಾಡ್ಬೇಕು. ಪರ್ಮಿಷನ್ ಇಲ್ದೆ ಇಟ್ರೆ 1,000 ಪೌಂಡ್‌ವರೆಗೂ ದಂಡ. ಎಲ್ಲಾ ಪೇಪರ್ ಸರಿ ಇದ್ರೂನೂ ಯೂನಿಫಾರ್ಮಲ್ಲಿರೋ ಪೊಲೀಸ್ ಬಂದು "ಇದನ್ನ ತೆಗೀರಿ" ಅಂದ್ರೆ ತೆಗೀಲೇಬೇಕು, ಅದಕ್ಕೆ ಸೆಕ್ಷನ್ 140 ಇದೆ.

ಇದರಲ್ಲಿ ನನಗೆ ತುಂಬಾ ಇಷ್ಟ ಆಗೋದು ಒಂದು ಸಣ್ಣ ರೂಲ್. ಸ್ಕಿಪ್ ಮೇಲೆ ಓನರ್ ಹೆಸರು, ಜೊತೆಗೆ ಫೋನ್ ನಂಬರ್ ಅಥವಾ ಅಡ್ರೆಸ್, ಅಳಿಸಿ ಹೋಗದ ಹಾಗೆ ಬರೆದಿರ್ಬೇಕು. ಅಂಟಿಸಿದ ಚೀಟಿ ನಡೆಯಲ್ಲ. ಆಮೇಲೆ ಎರಡೂ ತುದಿಗೆ ಕೆಂಪು ಹಳದಿ ಓರೆ ಪಟ್ಟಿ, ಕತ್ತಲಾದ್ಮೇಲೆ ದೀಪ. ಡಿಸೆಂಬರಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು, ಮೇಲೆ ಜಿಟಿಜಿಟಿ ಮಳೆ, ಒದ್ದೆ ರೋಡು, ಸ್ಕಿಪ್ ಮೈಯೆಲ್ಲಾ ತುಕ್ಕು. ಆ ಹೊತ್ತಲ್ಲಿ ಊಟದ ಡೆಲಿವರಿ ಹುಡುಗ ಹೆಗಲ ಮೇಲೆ ಡಬ್ಬ ಹಾಕ್ಕೊಂಡು ಸೈಕಲಲ್ಲಿ ಬರ್ತಿರ್ತಾನೆ. ನಾಲ್ಕು ಮೂಲೇಲಿ ಮಿಣಮಿಣ ಅನ್ನೋ ಆ ಹಳದಿ ಲ್ಯಾಂಪ್ ಇಲ್ದೇ ಇದ್ರೆ ಅವನಿಗೆ ಅಲ್ಲೊಂದು ಕಬ್ಬಿಣದ ಗೋಡೆ ಇದೆ ಅಂತ ಗೊತ್ತಾಗೋದೇ ಗುದ್ದಿದ ಮೇಲೆ. ಒಂದು ಲ್ಯಾಂಪ್ ಬ್ಯಾಟರಿ ಹೋಗಿದ್ರೆ ರೋಡಲ್ಲಿ ಹೋಗೋ ಯಾರ್ ಬೇಕಾದ್ರೂ ಆ ನಂಬರ್‌ಗೆ ಫೋನ್ ಮಾಡ್ಬೋದು, ಮನೆಯವರ ಬಾಗಿಲು ಬಡಿದು ಜಗಳ ಆಡ್ಬೇಕಿಲ್ಲ.

(ಕಾನೂನಲ್ಲಿ ಇನ್ನೊಂದು ಮಜಾ ಇದೆ. ಸ್ಕಿಪ್ ಅನ್ನ ಒಂದು ತಿಂಗಳಿಗಿಂತ ಕಮ್ಮಿ ಬಾಡಿಗೆಗೆ ತಗೊಂಡ್ರೆ ಕಂಪನಿನೇ ಓನರ್, ಒಂದು ತಿಂಗಳು ಅಥವಾ ಜಾಸ್ತಿ ಅಂತ ಅಗ್ರಿಮೆಂಟ್ ಮಾಡ್ಕೊಂಡ್ರೆ ತಗೊಂಡೋರೇ ಓನರ್. ಬಾಡಿಗೆ ಸ್ವಲ್ಪ ಅಗ್ಗ ಅಂತ ಲಾಂಗ್ ಹೈರ್‌ಗೆ ಸೈನ್ ಹಾಕೋ ಮುಂಚೆ ಇದನ್ನ ಓದ್ಕೊಳ್ಳಿ.)

ಈಗ ಸಾರ್ವೆಗೆ ಬರೋಣ. ಇದು ಸೆಕ್ಷನ್ 169. ಫುಟ್‌ಪಾತ್ ಮೇಲೆ ಕಂಬ ನಿಲ್ಲಿಸ್ಬೇಕು ಅಂದ್ರೆ ಲೈಸೆನ್ಸ್ ಬೇಕು, ಅಡ್ಡ ವಿಪರೀತ ಆಗುತ್ತೆ ಅಥವಾ ಕಮ್ಮಿ ಅಡ್ಡ ಆಗೋ ಬೇರೆ ದಾರಿ ಇದೆ ಅನ್ನಿಸಿದ್ರೆ ಮಾತ್ರ ಕೌನ್ಸಿಲ್ ಬೇಡ ಅನ್ಬೋದು, ಸುಮ್ನೆ ಮನಸ್ಸಿಲ್ಲ ಅಂತ ಬೇಡ ಅನ್ನೋ ಹಾಗಿಲ್ಲ, ಬೇಡ ಅಂದುಬಿಟ್ರೆ ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಅಪೀಲ್ ಹೋಗ್ಬೋದು. ಇದು ನ್ಯಾಯವಾಗೇ ಇದೆ. ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಬೆಳಿಗ್ಗೆ ಸೂರ್ಯ ಹುಟ್ಟೋ ಅರ್ಧ ಗಂಟೆ ಮುಂಚೆವರೆಗೂ ದೀಪ ಉರೀಬೇಕು ಅಂತಾನೂ ಬರ್ದಿದ್ದಾರೆ.

ನಮ್ಮ ಬೀದೀಲಿ ಕಣ್ಣು ಕಾಣದ ಒಬ್ಬ ಅಜ್ಜಿ ಇದಾರೆ, ದಿನಾ ಬಿಳಿ ಕೋಲು ಹಿಡ್ಕೊಂಡು ಬಸ್ ಸ್ಟಾಪ್‌ಗೆ ಹೋಗ್ತಾರೆ. ನಮ್ಮ ಸಾರ್ವೆ ಕಟ್ಟಿದಾಗ ಕಂಬಗಳ ಬುಡದಲ್ಲಿ ನೆಲಕ್ಕೆ ಹತ್ತಿರವಾಗಿ ಒಂದು ಅಡ್ಡ ಹಲಗೆ ಹಾಕಿದ್ರು, ಕಂಬಕ್ಕೆಲ್ಲಾ ಸ್ಪಂಜ್ ಸುತ್ತಿ ಹಳದಿ ಟೇಪ್ ಹೊಡೆದಿದ್ರು. ಇದೆಲ್ಲಾ ಯಾಕಪ್ಪಾ ಅಂದ್ಕೊಂಡೆ. ಅಜ್ಜಿ ಬಂದ್ರು, ಕೋಲು ಹಲಗೆಗೆ ಟಕ್ ಅಂತು, ಹಲಗೆ ಉದ್ದಕ್ಕೂ ಟಕ್ ಟಕ್ ಅಂತ ತಟ್ಕೊಂಡು, ಎಲ್ಲಿ ಮುಗಿಯುತ್ತೋ ಅಲ್ಲಿ ತಿರುಗಿ ತಮ್ಮ ಪಾಡಿಗೆ ಹೋದ್ರು. ಹಲಗೆ ಇಲ್ದಿದ್ರೆ ಕೋಲು ಎರಡು ಕಂಬದ ನಡುವೆ ತೂರಿ ಹೋಗಿರೋದು, ಅಡ್ಡ ಪೈಪ್ ನೇರ ಮುಖಕ್ಕೆ.

ಸರಿ, ಬೈಬೇಕಾದ್ದು ಬೈಲೇಬೇಕಲ್ಲ. ಮೊದಲನೇದು, ಒಂದೊಂದು ಊರಿಗೆ ಒಂದೊಂದು ಫೀಸು, ಒಂದೊಂದು ಫಾರ್ಮು. ಕಾನೂನು ಒಂದೇ, ಆದ್ರೆ ಪಕ್ಕದ ಊರಿಗೂ ನಮಗೂ ರೇಟಲ್ಲಿ ಸಂಬಂಧಾನೇ ಇಲ್ಲ. ಕೆಲವು ಕಡೆ ಡಿಸ್ಟ್ರಿಕ್ಟ್ ಕೌನ್ಸಿಲ್ ಬೇರೆ, ಕೌಂಟಿ ಕೌನ್ಸಿಲ್ ಬೇರೆ, ಕಸ ಒಬ್ಬರದ್ದು ರೋಡ್ ಇನ್ನೊಬ್ಬರದ್ದು. ಲಂಡನ್ನಲ್ಲಿ ಆಯಾ ಏರಿಯಾದ ಕೌನ್ಸಿಲ್‌ನವರು ಪರ್ಮಿಷನ್ ಕೊಡ್ತಾರೆ, ಅದೇ ಕೆಂಪು ಗೆರೆ ಹೊಡೆದಿರೋ ರೆಡ್ ರೂಟ್ ಆದ್ರೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಹತ್ರ ಹೋಗ್ಬೇಕು. ಸ್ಕಿಪ್ ಇಡೋ ಜಾಗ ಪರ್ಮಿಟ್ ಪಾರ್ಕಿಂಗ್ ಆಗಿದ್ರೆ ಆ ಪಾರ್ಕಿಂಗ್ ಜಾಗ ಸಸ್ಪೆಂಡ್ ಮಾಡ್ಸೋಕೆ ಬೇರೆ ಅರ್ಜಿ, ಬೇರೆ ದುಡ್ಡು, ಕೆಲವು ಸಲ ಸ್ಕಿಪ್ ಬಾಡಿಗೆಗಿಂತ ಇದೇ ಜಾಸ್ತಿ.

ಎರಡನೇದು ಇನ್ನೂ ಸಿಟ್ಟು ಬರೋದು. ಕೆಲಸ ಮುಗಿದಿರುತ್ತೆ, ಛಾವಣಿ ರೆಡಿ, ಬಿಲ್ಡರ್ ದುಡ್ಡು ಎಣಿಸ್ಕೊಂಡು ಹೋಗಿರ್ತಾನೆ, ಸಾರ್ವೆ ಮಾತ್ರ ಅಲ್ಲೇ ನಿಂತಿರುತ್ತೆ. ಕಂಪನಿಗೆ ಬೇರೆ ಸೈಟ್‌ನಲ್ಲಿ ಆ ಪೈಪ್ ಬೇಕಾಗೋವರೆಗೂ ನಮ್ಮನೆ ಮುಂದಿನ ಫುಟ್‌ಪಾತೇ ಅವರ ಗೋಡೌನು. ಫೋನ್ ಮಾಡಿದ್ರೆ "ನೆಕ್ಸ್ಟ್ ವೀಕ್". ಸ್ಕಿಪ್‌ಗಾದ್ರೆ ತುಂಬಿದ್ಮೇಲೆ ಆದಷ್ಟು ಬೇಗ ಎತ್ತಬೇಕು ಅಂತ ಕಾನೂನಲ್ಲೇ ಇದೆ, ಸಾರ್ವೆಗೆ ಎಲ್ಲಾ ಲೈಸೆನ್ಸ್ ಡೇಟ್ ಮೇಲೇ ನಿಂತಿದೆ, ಆ ಡೇಟ್ ಗೊತ್ತಿರೋದು ಕಂಪನಿಗೆ ಮತ್ತೆ ಕೌನ್ಸಿಲ್‌ಗೆ. ಲೈಸೆನ್ಸ್ ನಂಬರು, ಕೊನೇ ದಿನ ಎರಡನ್ನೂ ದೊಡ್ಡಕ್ಷರದಲ್ಲಿ ಸಾರ್ವೆ ಮೇಲೆ ನೇತು ಹಾಕೋದು ಎಲ್ಲಾ ಊರಲ್ಲೂ ಕಡ್ಡಾಯ ಮಾಡ್ಬೇಕು, ಡೇಟ್ ದಾಟಿದ್ಮೇಲೆ ವಾರಕ್ಕೆ ವಾರಕ್ಕೆ ಫೀಸ್ ಡಬಲ್ ಆಗ್ಬೇಕು. ಆಗ ನೋಡಿ ಪೈಪ್ ಎಷ್ಟು ಬೇಗ ಕೆಳಗಿಳಿಯುತ್ತೆ ಅಂತ.

ಇಷ್ಟು ಹೇಳಿದ್ಮೇಲೆ "ಬೆಂಗಳೂರಲ್ಲಿ ಇದ್ಯಾವ್ದೂ ಇಲ್ಲ ಬಿಡು, ಆರಾಮು" ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು. ಇಲ್ಲದೇ ಏನಿಲ್ಲ ಸ್ವಾಮಿ. ಪ್ಲಾನ್ ಸ್ಯಾಂಕ್ಷನ್ ಮಾಡ್ಸುವಾಗ ಬಿಬಿಎಂಪಿ ಬಿಲ್ಲಲ್ಲಿ ಗ್ರೌಂಡ್ ರೆಂಟ್ ಅಂತ ಒಂದು ಸಾಲು ಇರ್ತಿತ್ತಲ್ಲ, ಸಾಮಾನು ಹಾಕ್ಕೊಳ್ಳೋ ಜಾಗಕ್ಕೆ ಅಂತ? ಆ ಶುಲ್ಕದ ತಕರಾರು ಹೈಕೋರ್ಟ್ ಮೆಟ್ಟಿಲೂ ಹತ್ತಿತ್ತು. ಅಂದ್ರೆ ದುಡ್ಡಿನ ವಿಷ್ಯದಲ್ಲಿ ಎರಡೂ ಊರು ಒಂದೇ. ಆದ್ರೆ ನಮ್ಮಣ್ಣನ ಮನೆ ತಿರುವಲ್ಲಿ ಬಿದ್ದಿರೋ ಎಂ ಸ್ಯಾಂಡ್ ರಾಶಿ ಯಾರದ್ದು, ಯಾವತ್ತು ಎತ್ತುತ್ತಾರೆ ಅಂತ ಕೇಳಿ, ಪಕ್ಕದ್ಮನೆಯೋರು "ನಮ್ದಲ್ಲ" ಅಂತಾರೆ, ಮೇಸ್ತ್ರಿ "ಓನರ್ ಕೇಳಿ" ಅಂತಾನೆ, ಓನರ್ ಫೋನ್ ಎತ್ತಲ್ಲ. ಮಳೆ ಬಂದ್ರೆ ಅರ್ಧ ರಾಶಿ ಮೋರಿಗೆ, ಉಳಿದಿದ್ದು ರೋಡಿಗೆ ಹರಡಿ, ಸ್ಕೂಟರ್‌ನಲ್ಲಿ ಮಗು ಕೂರಿಸ್ಕೊಂಡು ಬರೋ ಹೆಂಗಸು ಬ್ರೇಕ್ ಹಾಕಿದ್ರೆ ಗಾಡಿ ಜಾರುತ್ತೆ.

ಸೈಟ್ ಮುಂದೆ ಪ್ಲಾನ್ ನಂಬರ್ ಬರೆದಿರೋ ಬೋರ್ಡ್ ಹಾಕೋ ಪದ್ಧತಿ ಅಂತೂ ಅಲ್ಲೂ ಇದೆ. ಅದರಲ್ಲೇ ರೋಡಿನ ಎಷ್ಟು ಅಡಿ, ಯಾವ ತಾರೀಖಿನವರೆಗೆ, ಯಾರಿಗೆ ಫೋನ್ ಮಾಡ್ಬೇಕು ಅಂತ ಮೂರು ಸಾಲು ಸೇರ್ಸೋಕೆ ಏನಡ್ಡಿ? 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಆಗಿವೆ, ಐದರಲ್ಲಿ ಒಂದಾದ್ರೂ ಟ್ರೈ ಮಾಡ್ಬೋದು. ಫ್ರೆಂಡ್ಸ್ ಲಿಸ್ಟಲ್ಲಿ ಪಾಲಿಕೆ ಇಂಜಿನಿಯರ್‌ಗಳು ಇಬ್ಬರು ಮೂವರು ಇದೀರಿ ಅಂತ ಗೊತ್ತು, ಲೈಕ್ ಒತ್ತಿ ಹೋಗ್ಬೇಡಿ, ಇದು ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಕೆಳಗೆ ಬರೀರಿ.