ತುಂಬ್ಲಿಕ್ಕುಂಟು, ಕೂತ್ಕೊಳ್ಳಿಕ್ಕುಂಟು: ಇಂಗ್ಲಿಷಿಗೆ ಹತ್ತಿರದ ದಾರಿ

ಮಂಗಳೂರು, ಉಡುಪಿ ಕಡೆಯಿಂದ ಇಲ್ಲಿ ಇಂಗ್ಲೆಂಡಿಗೆ ಬರುವ ಹುಡುಗರಿಗೆ ಇಂಗ್ಲಿಷ್ ಶಬ್ದಗಳ ಕೊರತೆ ಇಲ್ಲ. ಅವರು ಎಡವುವುದು ‘ತುಂಬಬೇಕಾದ ಫಾರ್ಮ್’, ‘ಸಹಾಯ ಮಾಡಬಲ್ಲ ಡಾಕ್ಟರ್’ ಎಂಬಂಥದ್ದನ್ನು ಹೇಳಬೇಕಾದಾಗ. ನಮ್ಮಲ್ಲಿ ಬೇಕು, ಬಹುದು, ಬಾರದು ಎಲ್ಲ ಕ್ರಿಯಾಪದಕ್ಕೆ ಅಂಟಿಕೊಂಡು ನಾಮಪದಕ್ಕಿಂತ ಮೊದಲೇ ಬಂದುಬಿಡುತ್ತವೆ, ನಡುವೆ ಜೋಡಿಸುವ ಪದವೇ ಬೇಡ. ಇಂಗ್ಲಿಷಿನಲ್ಲಿ ನಾಮಪದ ಮೊದಲು, ವಿವರ ಆಮೇಲೆ.

ಹಾಗಾಗಿ ‘ಐ ನೋ ಎ ಡಾಕ್ಟರ್ ಕ್ಯಾನ್ ಹೆಲ್ಪ್ ಯು’ ಎಂದು ಬಾಯಿಗೆ ಬರುತ್ತದೆ. ಅಲ್ಲಿ ‘ಎ ಡಾಕ್ಟರ್ ಹೂ ಕ್ಯಾನ್ ಹೆಲ್ಪ್ ಯು’ ಎಂದು ‘ಹೂ’ ಬೇಕೇ ಬೇಕು, ಸಹಾಯ ಮಾಡುವವನು ಡಾಕ್ಟರೇ. ‘ದ ಫಾರ್ಮ್ ಯು ಹ್ಯಾವ್ ಟು ಫಿಲ್ ಇನ್’ ಎನ್ನುವಾಗ ತುಂಬುವವರು ನೀವು, ಆದ್ದರಿಂದ ‘ದಟ್’ ಬಿಟ್ಟರೂ ಸರಿ. ಮಾತಿನಲ್ಲಿ ಬಿಡುವುದೇ ಹೆಚ್ಚು. ಅದಕ್ಕೆ ‘ಫಿಲ್ ಇಟ್ ಇನ್’ ಎಂದು ‘ಇಟ್’ ಸೇರಿಸಿದರೆ ತಪ್ಪು, ಫಾರ್ಮ್ ಎಂದು ಆಗಲೇ ಹೇಳಿಯಾಗಿದೆ. ಇನ್ನು ‘ದುಡ್ಡು ಕಟ್ಟಬೇಕಾದ ಕೌಂಟರ್’ ಎನ್ನುವಾಗ ಕನ್ನಡದ ‘ಅಲ್ಲಿ’ ವಿಭಕ್ತಿ ಮಾಯವಾಗುತ್ತದೆ. ಇಂಗ್ಲಿಷಿನ ‘ಅಟ್’ ಹಾಗೆ ಮಾಯವಾಗುವುದಿಲ್ಲ, ‘ದ ಕೌಂಟರ್ ಯು ಹ್ಯಾವ್ ಟು ಪೇ ಅಟ್’ ಎಂದು ಕೊನೆಗೆ ಉಳಿಯುತ್ತದೆ.

ಹೆಚ್ಚು ತೊಡಕಿರುವುದು ‘ಬೇಕಾದ’ ಎಂಬುದರಲ್ಲಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಒಂಬತ್ತಕ್ಕೆ ಬರಬೇಕಾದ ಬಸ್ ಬರಲೇ ಇಲ್ಲ’ ಎಂದರೆ ಬಸ್ಸಿಗೆ ಯಾರೂ ಕಡ್ಡಾಯ ಮಾಡಿಲ್ಲ, ಅದು ಆ ಹೊತ್ತಿನ ಬಸ್ ಅಷ್ಟೆ. ಅದಕ್ಕೆ ‘ಮಸ್ಟ್’ ಹೊಂದುವುದಿಲ್ಲ. ‘ದ ಬಸ್ ದಟ್ ವಾಸ್ ಸಪೋಸ್ಡ್ ಟು ಕಮ್ ಅಟ್ ನೈನ್’ ಎನ್ನಬೇಕು. ‘ಬಹುದಾದ’ ಕೂಡ ಹಾಗೆಯೇ: ಬರಬಹುದಾದ ಮಳೆಗೆ ‘ಮೈಟ್’, ಕೂತುಕೊಳ್ಳಬಹುದಾದ ಜಾಗಕ್ಕೆ ‘ಕ್ಯಾನ್’. ‘ತರಬೇಕಿಲ್ಲದ ರಿಪೋರ್ಟ್’ ಎನ್ನಲು ‘ಯು ಮಸ್ಟ್ ನಾಟ್ ಬ್ರಿಂಗ್’ ಎಂದರಂತೂ ತರಲೇಕೂಡದು ಎಂದಾಗುತ್ತದೆ. ಅಲ್ಲಿ ಬೇಕಾದದ್ದು ‘ಡೋಂಟ್ ಹ್ಯಾವ್ ಟು’.

ಆದರೆ ಇಲ್ಲಿನ ದಿನದ ಮಾತನ್ನು ಕಿವಿಗೊಟ್ಟು ಕೇಳಿದರೆ ಎಷ್ಟೋ ಕಡೆ ಮಸ್ಟ್, ಶುಡ್, ಕ್ಯಾನ್ ಯಾವುದೂ ಇರುವುದಿಲ್ಲ. ‘ಎ ಫಾರ್ಮ್ ಟು ಫಿಲ್ ಇನ್’, ‘ಸಮ್‌ವೇರ್ ಟು ಸಿಟ್’, ‘ಸಮ್‌ವನ್ ಟು ಟಾಕ್ ಟು’ ಅಷ್ಟೇ. ಮಾಡಲೇಬೇಕೋ ಮಾಡಬಹುದೋ ಎಂಬುದು ಸಂದರ್ಭದಿಂದ ಗೊತ್ತಾಗುತ್ತದೆ. ಕರಾವಳಿ ಕನ್ನಡದ ‘ಲಿಕ್ಕೆ’ ಮಾಡುವುದೂ ಇದನ್ನೇ. ‘ಒಂದು ಫಾರ್ಮ್ ತುಂಬ್ಲಿಕ್ಕುಂಟು’ ಎಂದರೆ ‘ದೇರ್ಸ್ ಎ ಫಾರ್ಮ್ ಟು ಫಿಲ್ ಇನ್’. ‘ಕೂತ್ಕೊಳ್ಳಿಕ್ಕೆ ಜಾಗ ಉಂಟಾ?’ ಎಂದರೆ ‘ಇಸ್ ದೇರ್ ಎನಿವೇರ್ ಟು ಸಿಟ್?’ ಮೊದಲನೆಯದರಲ್ಲಿ ಬೇಕು ಅಡಗಿದೆ, ಎರಡನೆಯದರಲ್ಲಿ ಬಹುದು.

ನಮ್ಮ ಸ್ಪೋಕನ್ ಇಂಗ್ಲಿಷ್ ತರಗತಿಗಳು ಈ ‘ಲಿಕ್ಕೆ’ಯಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಲಿಕ್ಕುಂಟು’ ಶುದ್ಧ ಕನ್ನಡ ಅಲ್ಲವೆಂದು ಮಕ್ಕಳ ಬಾಯಿಂದ ಅದನ್ನು ತೆಗೆಸಿ, ‘ತುಂಬಬೇಕಾಗಿರುವ’ ಎಂದು ಹೇಳಿಸಿ, ಆಮೇಲೆ ‘ವಿಚ್ ಈಸ್ ಟು ಬಿ ಫಿಲ್ಡ್’ ಎಂದು ಕಲಿಸುವುದು ಸುತ್ತುದಾರಿ. ಮಗು ಮನೆಯಲ್ಲಿ ಆಡುವ ಮಾತೇ ಇಲ್ಲಿ ಹೆಚ್ಚು ಹತ್ತಿರ.

ಇಲ್ಲ ಎನ್ನುವಾಗ ಮಾತ್ರ ಜಾಗ್ರತೆ ಬೇಕು. ‘ಅವರು ಇವತ್ತು ಬರ್ಲಿಕ್ಕಿಲ್ಲ’ ಎಂಬುದು ಬರೀ ಅಂದಾಜು, ಅಲ್ಲಿ ‘ಪ್ರಾಬಬ್ಲಿ ವೋಂಟ್ ಕಮ್’. ‘ಇಲ್ಲಿ ಗಾಡಿ ನಿಲ್ಲಿಸ್ಲಿಕ್ಕಿಲ್ಲ’ ಎಂಬುದು ನಿಷೇಧ, ಅಲ್ಲಿ ‘ಕಾಂಟ್ ಪಾರ್ಕ್’. ಎರಡರಲ್ಲೂ ‘ಟು’ ನಡೆಯುವುದಿಲ್ಲ.