ಕಾರು ಪ್ರಿಯರೇ, ಹೊಳಪಿಗಿಂತ ಮೊದಲು ಜಾರಿಕೆ ನೋಡಿ

ನೀರಿಲ್ಲದೆ ಕಾರು ತೊಳೆಯುವ ಸ್ಪ್ರೇ ವಿಷಯ ಬಂದರೆ ಸಾಕು, ಕಾರು ಪ್ರಿಯರು ಎರಡು ಪಾಲಾಗುತ್ತಾರೆ. ಕೆಲವರು ಅದನ್ನು ಕಾರಿನ ಹತ್ತಿರಕ್ಕೂ ಬಿಡುವುದಿಲ್ಲ. ಇನ್ನು ಕೆಲವರು ಪೈಪು, ಬಕೆಟ್ಟು ಎಲ್ಲ ಮೂಲೆಗೆ ಸೇರಿಸಿ, ಇದೊಂದೇ ಸಾಕು ಅಂತಾರೆ. ನನಗೆ ಈ ಸ್ಪ್ರೇಗಳು ಇಷ್ಟ, ಬಳಸುತ್ತಲೂ ಇದ್ದೇನೆ. ಆದರೆ ಎರಡೂ ಕಡೆಯವರ ಮಾತಿನಲ್ಲಿ ಮುಖ್ಯವಾದದ್ದೇ ತಪ್ಪಿಹೋಗುತ್ತಿದೆ ಅನಿಸುತ್ತದೆ. ಒರೆಸಿದ ಮೇಲೆ ಕಾರು ಎಷ್ಟು ಮಿಂಚಿತು ಅಂತ ಎಲ್ಲರೂ ನೋಡುತ್ತಾರೆ. ಒರೆಸುವಾಗ ಬಟ್ಟೆಯ ಅಡಿಯಲ್ಲಿ ಏನಾಯಿತು ಅಂತ ಕೇಳುವವರು ಕಡಿಮೆ.

ಇವತ್ತಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇರುತ್ತದೆ. ನಾವು ಮುಟ್ಟುವುದು, ಒರೆಸುವುದು, ಪಾಲಿಶ್ ಮಾಡುವುದು ಎಲ್ಲ ಅದನ್ನೇ. ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಒಂದು ತಲೆಗೂದಲು ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ಕೂದಲೆಳೆಗಿಂತ ತೆಳುವಾದ ಪದರವೊಂದು ಬಿಸಿಲು, ಮಳೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ತಡೆದುಕೊಂಡು ನಿಂತಿದೆ. ಈಗ ರಸ್ತೆ ಧೂಳಿನ ಕಡೆ ಬನ್ನಿ. ಅದರಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ, ಮರಳಿನಲ್ಲಿರುವ ಗಟ್ಟಿ ಖನಿಜ ಅದು. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ನದು 7. ಗಾಜನ್ನೇ ಗೀರುವಷ್ಟು ಗಟ್ಟಿ. ಕ್ಲಿಯರ್ ಕೋಟ್ ಆದರೋ ಒಂದು ಬಗೆಯ ಪ್ಲಾಸ್ಟಿಕ್. ಆ ಕಣ ಬಟ್ಟೆಗೂ ಕ್ಲಿಯರ್ ಕೋಟಿಗೂ ನಡುವೆ ಸಿಕ್ಕಿಕೊಂಡು, ಮೇಲಿಂದ ಕೈಯ ಭಾರ ಬಿದ್ದರೆ ಗೀರು ಖಂಡಿತ.

ಒಳ್ಳೆಯ ವಾಟರ್‌ಲೆಸ್ ವಾಶ್, ಅಂದರೆ ಈ ನೀರಿಲ್ಲದ ಸ್ಪ್ರೇ, ಇಲ್ಲಿ ಎರಡು ಕೆಲಸ ಮಾಡಬೇಕು. ಅದರಲ್ಲಿರುವ ಸರ್ಫ್ಯಾಕ್ಟಂಟ್‌ಗಳು, ಅಂದರೆ ಸೋಪಿನಂತೆ ಕೊಳೆ ಬಿಡಿಸುವ ಅಂಶಗಳು, ಕೊಳೆಯ ಅಡಿಗೆ ನುಗ್ಗಿ ಅದನ್ನು ಬಣ್ಣದಿಂದ ಸಡಿಲ ಮಾಡಬೇಕು. ಪಾಲಿಮರ್‌ಗಳು, ಅಂದರೆ ಉದ್ದ ಸರಪಳಿಯಂಥ ಅಣುಗಳು, ಕಣವನ್ನು ಸುತ್ತುವರಿದು, ಬಣ್ಣಕ್ಕೂ ಬಟ್ಟೆಗೂ ನಡುವೆ ಜಾರುವ ಪದರವೊಂದನ್ನು ಉಳಿಸಬೇಕು. ಆಗ ಕಣ ಬಣ್ಣವನ್ನು ಕೆರೆಯದೆ ಬಟ್ಟೆಯ ಎಳೆಗಳ ಒಳಗೆ ಹೋಗಿ ಕೂರುತ್ತದೆ. ಹೊಳಪು ಕೊಡುವ ವ್ಯಾಕ್ಸು, ಸಿಲಿಕೋನ್, ಸಿಲಿಕಾ, ಒಳ್ಳೆಯ ವಾಸನೆ, ಇವೆಲ್ಲ ಆಮೇಲಿನ ಮಾತು. ಅವು ಇರಬಾರದು ಅಂತಲ್ಲ. ಆದರೆ ಜಾರಿಕೆ ಇಲ್ಲದ ಬಾಟಲಿಯಲ್ಲಿ ಅವು ಎಷ್ಟಿದ್ದರೂ ಪ್ರಯೋಜನವಿಲ್ಲ.

ಪ್ರಯೋಜನವಿಲ್ಲದಿದ್ದರೆ ಹೋಗಲಿ, ಕೆಲವೊಮ್ಮೆ ಅದೇ ತೊಂದರೆ. ವ್ಯಾಕ್ಸ್ ಅಥವಾ ಎಣ್ಣೆ ಅಂಶ ಜಾಸ್ತಿ ಇರುವ ಸ್ಪ್ರೇ ಒರೆಸಿದಾಗ ಅದು ಸಣ್ಣ ಗೀರುಗಳ ಒಳಗೆ ತುಂಬಿಕೊಳ್ಳುತ್ತದೆ. ಗೀರಿನ ಅಂಚಿಗೆ ಬಿದ್ದ ಬೆಳಕು ಚದುರುವುದು ಕಡಿಮೆಯಾಗುತ್ತದೆ. ಕಣ್ಣಿಗೆ ಕಾರು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಅಂದರೆ ಒರೆಸುವಾಗ ಗೀರು ಬಿದ್ದಿದ್ದರೂ, ಬಿದ್ದ ಕ್ಷಣವೇ ಅದು ಮುಚ್ಚಿಹೋಗಿರುತ್ತದೆ. ಕೆಲವು ವಾರ ಕಳೆದು, ಮಳೆ ಬಿದ್ದು, ಆ ಪದರ ಹೋದ ಮೇಲೆ ಬಿಸಿಲಲ್ಲಿ ನಿಂತ ಕಾರಿನ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ಗೀರುಗಳು ಕಾಣುತ್ತವೆ. ಆಗ ನಾವು ಬಣ್ಣವನ್ನು ಬೈಯುತ್ತೇವೆ, ಕಂಪನಿಯನ್ನು ಬೈಯುತ್ತೇವೆ, ಹಿಂದಿನ ದಿನ ಕಾರು ಒರೆಸಿದವರನ್ನು ಬೈಯುತ್ತೇವೆ. ಬಾಟಲಿಯ ಮೇಲೆ ಅನುಮಾನವೇ ಬರುವುದಿಲ್ಲ, ಯಾಕೆಂದರೆ ಅದು ಬಳಸಿದ ದಿನ ಕಾರು ಮಿಂಚಿತ್ತು. ಹೊಳಪನ್ನು ಮೊದಲ ಅಳತೆಗೋಲು ಮಾಡಿಕೊಳ್ಳಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

(ಆ ಗೀರುಗಳು ಸುತ್ತುಸುತ್ತಾಗಿ ಕಾಣುತ್ತವಲ್ಲ, ಅವು ನಿಜವಾಗಿ ಹಾಗೇ ಇರಬೇಕೆಂದಿಲ್ಲ. ಎಲ್ಲ ದಿಕ್ಕಿಗೂ ಎಳೆದ ಗೀರುಗಳಲ್ಲಿ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿನುಗುತ್ತವೆ, ಹಾಗಾಗಿ ಸೂರ್ಯನ ಪ್ರತಿಬಿಂಬದ ಸುತ್ತ ಉಂಗುರಗಳಂತೆ ಕಾಣುತ್ತವೆ. ಬರೀ ವೃತ್ತಾಕಾರವಾಗಿ ಒರೆಸಿದ್ದರಿಂದ ಆಯಿತು ಅಂದುಕೊಳ್ಳುವುದು ಪೂರ್ತಿ ಸರಿಯಲ್ಲ. ನೇರವಾಗಿ ಒರೆಸಿದರೂ ಕಣ ಎಳೆದಾಡಿದರೆ ಗೀರು ಗೀರೇ.)

ಹಾಗಾದರೆ ನಿಜ ತಿಳಿಯುವುದು ಹೇಗೆ? ಬಾಗಿಲು, ಬಾನೆಟ್‌ನಂಥ ಒಂದು ಪ್ಯಾನೆಲ್ ಆರಿಸಿಕೊಳ್ಳಿ, ಕಪ್ಪು ಅಥವಾ ಗಾಢ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಒರೆಸುವ ಮೊದಲು ಎಲ್‌ಇಡಿ ಟಾರ್ಚ್ ಹಿಡಿದು ಫೋಟೋ ತೆಗೆದಿಡಿ. ಸ್ವಲ್ಪ ಕಾಲ ಆ ಪ್ಯಾನೆಲ್‌ಗೆ ಒಂದೇ ಸ್ಪ್ರೇ ಬಳಸಿ. ಆಮೇಲೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಮೇಲಿನ ಜಿಡ್ಡು, ವ್ಯಾಕ್ಸ್ ತೆಗೆದು ಮತ್ತೆ ಟಾರ್ಚ್ ಹಿಡಿಯಿರಿ. ಹೊಸದಾಗಿ ಬಣ್ಣ ಹೊಡೆಸಿದ ಭಾಗದಲ್ಲಿ ಮಾತ್ರ ಇದನ್ನು ಮಾಡಬೇಡಿ, ಆ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಉತ್ಪನ್ನಗಳನ್ನು ಹೋಲಿಸಿ ವಿಡಿಯೋ ಮಾಡುವವರಿಗೂ ನನ್ನದೊಂದು ಕೇಳಿಕೆ: ಒರೆಸಿದ ಕೂಡಲೇ ಹೊಳಪು ತೋರಿಸುವುದರ ಜೊತೆ, ಆಲ್ಕೋಹಾಲ್ ಹಾಕಿ ಒರೆಸಿದ ಮೇಲಿನ ಚಿತ್ರವನ್ನೂ ತೋರಿಸಿ. ನೋಡುವವರಿಗೆ ಬೇಕಿರುವುದು ಅದು.

ಕೈಗೂ ಬಹಳ ಗೊತ್ತಾಗುತ್ತದೆ. ನೆರಳಲ್ಲಿ ತಣ್ಣಗಿರುವ ಬಾಗಿಲಿಗೆ ಧಾರಾಳವಾಗಿ ಸ್ಪ್ರೇ ಮಾಡಿ ಅರ್ಧ ನಿಮಿಷ ಸುಮ್ನೆ ನಿಂತು ನೋಡಿ. ಒಳ್ಳೆಯ ದ್ರವವಾದರೆ ಹನಿಹನಿಯಾಗಿ ನಿಲ್ಲದೆ ಹಾಳೆಯಾಗಿ ಹರಡುತ್ತದೆ. ಹ್ಯಾಂಡಲ್ ಕೆಳಗಿನಿಂದ ಕಂದು ಗೆರೆಗಳು ಇಳಿಯಲು ಶುರುವಾಗುತ್ತವೆ. ಬಟ್ಟೆ ಇಟ್ಟು, ಬಟ್ಟೆಯ ಭಾರವೇ ಸಾಕು ಅನ್ನುವಷ್ಟು ಹಗುರವಾಗಿ ಒಂದೇ ಎಳೆತ ಎಳೆಯಿರಿ. ಬಟ್ಟೆ ತೇಲಿದ ಹಾಗೆ ಹೋಗಬೇಕು. ಮುಂದಿನ ಅಂಚಿನಲ್ಲಿ ಬೂದು ಬಣ್ಣದ ಪಟ್ಟಿ ಕೂತಿರಬೇಕು, ಪಟ್ಟಿಯ ಹಿಂದೆ ಬಟ್ಟೆ ಹೆಚ್ಚುಕಡಿಮೆ ಚೊಕ್ಕವಾಗಿರಬೇಕು. ಎಲ್ಲಾದರೂ ಬಟ್ಟೆ ತಡೆಯಿತು, ಬೆರಳಿಗೆ ಸಣ್ಣ ಕರಕರ ಸಿಕ್ಕಿತು ಅಂದರೆ ಅಲ್ಲಿಗೇ ನಿಲ್ಲಿಸಿ. ಮತ್ತಷ್ಟು ಸ್ಪ್ರೇ ಮಾಡಿ, ಬಟ್ಟೆಯ ಮಗ್ಗುಲು ಬದಲಿಸಿ. ಇನ್ನೂ ಕರಕರ ಅಂದರೆ ಆ ಕೊಳೆ ಈ ಸ್ಪ್ರೇ ಕೈಯಲ್ಲಿ ಆಗುವಂಥದ್ದಲ್ಲ.

ಇಲ್ಲೇ ಬಾಟಲಿ ತಯಾರಿಸುವವರ ಬಗ್ಗೆ ನನ್ನ ದೊಡ್ಡ ದೂರು ಇರುವುದು. ಬಳಸಬೇಡಿ ಅನ್ನುವ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯುವವರು ತೀರಾ ವಿರಳ. ಗೀರು ಬೀಳುವುದೇ ಇಲ್ಲ ಅನ್ನುವ ಭರವಸೆ ಮುಂಭಾಗದಲ್ಲಿರುತ್ತದೆ. ಕೆಸರು ಮೆತ್ತಿದ ಕಾರಿಗೆ ಹಾಕಬೇಡಿ ಅನ್ನುವುದು ಹಿಂದೆ ಎಲ್ಲೋ ಸಣ್ಣದಾಗಿ ಇರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ನಾನು ಬಯಸುವುದು ಇಷ್ಟು: ತೆಳು ಧೂಳು, ಬೆರಳಚ್ಚು, ಒಣಗಿದ ಮಳೆಹನಿಯ ಗುರುತು, ಇವಕ್ಕೆ ಇದು ಸರಿ. ಕೆಸರು, ಮರಳು, ಕಡಲತೀರದ ಉಪ್ಪು ಮರಳು, ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪು, ಇವಕ್ಕೆ ಮೊದಲು ನೀರು ಬೇಕೇ ಬೇಕು. ಇದನ್ನು ಮುಂಭಾಗದಲ್ಲೇ ಅಚ್ಚು ಹಾಕಿದ ಕಂಪನಿಯ ಮೇಲೆ ನನಗೆ ನಂಬಿಕೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಾರನ್ನು ಪ್ರೀತಿಸುವವರು ಮಿತಿ ಹೇಳಿದರೆ ಓಡಿಹೋಗುವವರಲ್ಲ.

ಕಂಪನಿಯವರು ಇನ್ನೂ ಕೆಲವು ವಿಷಯ ಸ್ಪಷ್ಟವಾಗಿ ಹೇಳಬೇಕು. ಸೆರಾಮಿಕ್ ಕೋಟಿಂಗ್ (ಬಣ್ಣದ ರಕ್ಷಣೆಗೆ ಮೇಲೆ ಹಾಕಿಸುವ ಗಟ್ಟಿ ಪದರ) ಹಾಕಿಸಿದ ಕಾರಿಗೆ ವ್ಯಾಕ್ಸ್ ಇರುವ ಸ್ಪ್ರೇ ಬಳಸಿದರೆ, ಕೋಟಿಂಗ್ ಮೇಲೆ ವ್ಯಾಕ್ಸ್ ಕೂತು ಅದರ ನೀರು ಜಾರಿಸುವ ಗುಣ ಮಂಕಾಗುತ್ತದೆ. ಅಂಥವರಿಗೆ ಏನನ್ನೂ ಹಿಂದೆ ಬಿಡದ, ಬರೀ ಶುಚಿಗೊಳಿಸುವ ಸ್ಪ್ರೇ ಬೇಕು. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಕಾರಿಗೆ ಹೊಳಪು ತರುವ ಅಂಶ ಬಿದ್ದರೆ ಅಲ್ಲಲ್ಲಿ ಮಿನುಗುವ ಮಚ್ಚೆಗಳಾಗುತ್ತವೆ. ಮುಂದಿನ ಗಾಜಿನ ಮೇಲೆ ವ್ಯಾಕ್ಸ್ ಉಳಿದರೆ ರಾತ್ರಿ ಎದುರು ಬರುವ ಗಾಡಿಯ ಲೈಟಿಗೆ ಮಸುಕು ಮಸುಕಾಗುತ್ತದೆ, ವೈಪರ್ ತಡೆತಡೆದು ಓಡುತ್ತದೆ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಒಣಗಿ ಬಿಳಿ ಕಲೆ ಉಳಿಯುತ್ತದೆ. ಇಡೀ ಕಾರಿಗೆ ಒಂದೇ ಬಾಟಲಿ ಅಂತ ಮಾರುವುದಾದರೆ ಇವೆಲ್ಲದರ ಮೇಲೂ ಪರೀಕ್ಷಿಸಿರಬೇಕು ಅಲ್ವಾ?

ಇನ್ನೊಂದು ಯಾರೂ ಮಾತಾಡದ ವಿಷಯ, ಸ್ಪ್ರೇ ತಲೆ. ತೀರಾ ಸಣ್ಣ ಮಂಜಾಗಿ ಬಂದರೆ ಅರ್ಧ ಗಾಳಿಗೆ ಹೋಗುತ್ತದೆ, ಪ್ಯಾನೆಲ್ ಸರಿಯಾಗಿ ನೆನೆಯುವುದಿಲ್ಲ. ಧಾರೆಯಾಗಿ ಬಂದರೆ ಒಂದೇ ಕಡೆ ಬಿದ್ದು ಹರಿದುಹೋಗುತ್ತದೆ. ಕಡಿಮೆ ಸ್ಪ್ರೇ ಮಾಡಿ ಒರೆಸುವುದೇ ಗೀರಿಗೆ ಮುಖ್ಯ ಕಾರಣಗಳಲ್ಲೊಂದು. ಹಾಗಿರುವಾಗ ಚೆನ್ನಾಗಿ ಹರಡುವ ಸ್ಪ್ರೇ ತಲೆ ಕೊಡುವುದೂ ಉತ್ಪನ್ನದ ಗುಣಮಟ್ಟದಲ್ಲೇ ಬರುತ್ತದೆ. 'ಒಂದು ಬಾಟಲಿಯಲ್ಲಿ ಇಷ್ಟೊಂದು ಕಾರು ತೊಳೆಯಬಹುದು' ಅಂತ ದೊಡ್ಡ ಲೆಕ್ಕ ಹಾಕುವ ಜಾಹೀರಾತು ನನಗೆ ಅದಕ್ಕೇ ಇಷ್ಟವಾಗುವುದಿಲ್ಲ. ಜನ ಉಳಿತಾಯ ಮಾಡಲು ಹೋಗಿ ಕಡಿಮೆ ಹಾಕುತ್ತಾರೆ, ಪೆಟ್ಟು ಬೀಳುವುದು ಕ್ಲಿಯರ್ ಕೋಟಿಗೆ.

ಬಟ್ಟೆಯ ವಿಷಯದಲ್ಲಿ ನಾನು ಸ್ವಲ್ಪವೂ ರಾಜಿ ಮಾಡಿಕೊಳ್ಳುವುದಿಲ್ಲ. ಸಾಮಾನ್ಯ ಸ್ಪ್ರೇ ಜೊತೆ ಒಳ್ಳೆಯ ಬಟ್ಟೆ ಇದ್ದರೂ ನಡೆಯುತ್ತದೆ, ಒಳ್ಳೆಯ ಸ್ಪ್ರೇ ಜೊತೆ ಹಳೇ ಬನಿಯನ್ ಬಟ್ಟೆ ನಡೆಯುವುದಿಲ್ಲ. ಶೇಕಡಾ 70 ಪಾಲಿಯೆಸ್ಟರ್, 30 ಪಾಲಿಅಮೈಡ್ (ನೈಲಾನ್ ಬಗೆಯ ನೂಲು) ಇರುವ, ಎಳೆ ಉದ್ದವಿರುವ, ಅಂಚಿನಲ್ಲಿ ಹೊಲಿಗೆ ಇಲ್ಲದ ಮೈಕ್ರೋಫೈಬರ್ ಬಟ್ಟೆ ಚೆನ್ನ. ನಾಲ್ಕು ಮಡಿಕೆ ಮಾಡಿದರೆ ಎಂಟು ಮಗ್ಗುಲು ಸಿಗುತ್ತವೆ. ಒಂದು ಮಗ್ಗುಲು ಕೊಳೆಯಾದರೆ ಮುಂದಿನದು, ಎಂಟೂ ಮುಗಿದರೆ ಹೊಸ ಬಟ್ಟೆ. ಮೇಲಿನಿಂದ ಶುರು ಮಾಡಿ, ಬಾಗಿಲಿನ ಕೆಳಭಾಗ, ಬಂಪರ್ ಎಲ್ಲ ಕೊನೆಗೆ. ಅಲ್ಲಿ ಮುಟ್ಟಿದ ಬಟ್ಟೆ ಮತ್ತೆ ಬಾನೆಟ್‌ಗೆ ಬರಬಾರದು. ಕೆಳಗೆ ಬಿದ್ದ ಬಟ್ಟೆಯನ್ನು ಕೊಡವಿ ಬಳಸುವುದಂತೂ ಬೇಡವೇ ಬೇಡ. ತೊಳೆಯುವಾಗ ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ಅದರ ನಾರು ಬಂದು ಅಂಟುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಎಳೆಗಳ ಮೇಲೆ ಪದರ ಕೂತು ಬಟ್ಟೆ ಹೀರುವುದನ್ನೇ ನಿಲ್ಲಿಸುತ್ತದೆ. ಜಾಸ್ತಿ ಬಿಸಿಗೆ ಎಳೆಗಳು ಗಟ್ಟಿಯಾಗುತ್ತವೆ.

ಚಕ್ರಗಳಿಗೆ ನಾನು ಇದನ್ನು ಬಳಸುವುದಿಲ್ಲ. ಬ್ರೇಕ್ ಧೂಳಿನಲ್ಲಿ ಕಬ್ಬಿಣದ ಕಣಗಳಿರುತ್ತವೆ, ಬಿಸಿಗೆ ಕಚ್ಚಿಕೊಂಡಿರುತ್ತವೆ. ಅವನ್ನು ಒರೆಸುವುದಕ್ಕಿಂತ ಕರಗಿಸಿ ನೀರು ಹಾಕುವುದು ಸರಿ.

ಹಕ್ಕಿ ಹಿಕ್ಕೆ ವಿಷಯದಲ್ಲಿ ಮಾತ್ರ ಇದರಷ್ಟು ಒಳ್ಳೆಯ ಜೊತೆಗಾರ ಇನ್ನೊಂದಿಲ್ಲ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಿಗೆ ಕಾದು ಮೆತ್ತಗಾದ ಕ್ಲಿಯರ್ ಕೋಟಿನಲ್ಲಿ ಅದು ಗುಳಿ ಬೀಳಿಸುತ್ತದೆ. ಮನೆಗೆ ಹೋಗಿ ತೊಳೆಯೋಣ ಅಂತ ಬಿಟ್ಟರೆ ಕಲೆ ಶಾಶ್ವತವಾಗಿ ಉಳಿಯಬಹುದು. ಡಿಕ್ಕಿಯಲ್ಲಿ ಒಂದು ಬಾಟಲಿ, ಒಂದು ಬಟ್ಟೆ ಇದ್ದರೆ ಅಲ್ಲೇ ಮುಗಿಯಿತು. ಬಟ್ಟೆಗೆ ಸ್ಪ್ರೇ ಮಾಡಿ ಹಿಕ್ಕೆಯ ಮೇಲೆ ಒಂದೆರಡು ನಿಮಿಷ ಹೊದಿಸಿಡಿ. ನೆನೆದ ಮೇಲೆ ಎತ್ತಿಕೊಳ್ಳಿ, ಉಜ್ಜಬೇಡಿ. ಅದರಲ್ಲಿ ಬೀಜ, ಮರಳು ಇರುತ್ತವೆ.

ನೀರಿನ ಲೆಕ್ಕವನ್ನೂ ಹೇಳಲೇಬೇಕು, ಏಕೆಂದರೆ ನನಗೆ ಇದು ಇಷ್ಟವಾಗಲು ಅದೂ ದೊಡ್ಡ ಕಾರಣ. ಬಿಟ್ಟ ಪೈಪಿನಿಂದ ನಿಮಿಷಕ್ಕೆ 10-15 ಲೀಟರ್ ಸುಲಭವಾಗಿ ಹೋಗುತ್ತದೆ. ಸೋಪು, ಎಣ್ಣೆ, ಬ್ರೇಕ್ ಧೂಳು ಸೇರಿದ ಆ ನೀರು ಅನೇಕ ಕಡೆ ಮಳೆನೀರಿನ ಚರಂಡಿ ಹಿಡಿದು ನೇರ ಹೊಳೆಗೋ ಕೆರೆಗೋ ಸೇರುತ್ತದೆ. 2018ರಲ್ಲಿ ಬರದಿಂದ ಕಂಗೆಟ್ಟಿದ್ದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ, ನಲ್ಲಿಯ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೇ ನಿಷೇಧಿಸಿತ್ತು. ವಾಟರ್‌ಲೆಸ್ ಉತ್ಪನ್ನ ಬಳಸಬಹುದು ಅಂತ ನಿಯಮದಲ್ಲೇ ಇತ್ತು. ಅಂಥ ಹೊತ್ತಿನಲ್ಲಿ ಇದು ಶೋಕಿ ಮಾತಲ್ಲ. ಹಾಗಂತ ನೀರೇ ಖರ್ಚಿಲ್ಲ ಅನ್ನುವುದೂ ಸರಿಯಲ್ಲ, ಬಟ್ಟೆ ತೊಳೆಯಬೇಕು. ಒಂದಷ್ಟು ಕೂಡಿಟ್ಟು ಒಟ್ಟಿಗೆ ತೊಳೆದರೆ ಆಗಲೂ ಉಳಿತಾಯ ಸಾಕಷ್ಟಿದೆ.

ಧೂಳು ಸ್ವಲ್ಪ ಜಾಸ್ತಿ ಇದ್ದು, ಪೈಪು ಹಿಡಿಯಲು ಜಾಗವಿಲ್ಲದವರಿಗೆ ನಡುವೆ ಇನ್ನೊಂದು ದಾರಿ ಇದೆ, ರಿನ್ಸ್‌ಲೆಸ್ ವಾಶ್. ಒಂದು ಬಕೆಟ್ ನೀರಿಗೆ ಚೂರು ದ್ರವ ಬೆರೆಸಿ, ಬಟ್ಟೆಗಳನ್ನು ಅದರಲ್ಲೇ ನೆನೆಹಾಕಿ ಒರೆಸುವುದು. ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲ. ಆಪ್ಟಿಮಮ್ ನೋ ರಿನ್ಸ್ ಅನ್ನುವ ಹೆಸರಾಂತ ದ್ರವವನ್ನು ಇದಕ್ಕೆ 1ಕ್ಕೆ 256ರಂತೆ ಬೆರೆಸುತ್ತಾರೆ, ಅಂದರೆ 8 ಲೀಟರ್ ನೀರಿಗೆ 30 ಮಿಲಿಲೀಟರ್‌ಗಿಂತ ಸ್ವಲ್ಪ ಹೆಚ್ಚು. ಬಟ್ಟೆ ತುಂಬ ನೀರಿರುವುದರಿಂದ ಜಾರಿಕೆಯೂ ಜಾಸ್ತಿ. ಮಳೆಗಾಲದಲ್ಲಿ ನಾನು ಸ್ಪ್ರೇಗಿಂತ ಇದನ್ನೇ ಹೆಚ್ಚು ನಂಬುತ್ತೇನೆ. ಗಟ್ಟಿ ಕೆಸರಿದ್ದರೆ ಇದೂ ಬೇಡ, ಪ್ರೆಶರ್ ವಾಷರ್ ಇರುವ ಕಡೆ ಹೋಗಿ ಮೊದಲು ಕೆಸರು ಇಳಿಸಿಬಿಡಿ. ನಂತರದ ಕೆಲಸಕ್ಕೆ ಬಾಟಲಿ ಸಾಕು.

ನೀವು ಯಾವ ಸ್ಪ್ರೇ ಬಳಸುತ್ತೀರಿ, ಯಾವ ಬಣ್ಣದ ಕಾರಿನ ಮೇಲೆ, ಎಷ್ಟು ಕಾಲದಿಂದ ಅಂತ ಬರೆಯಿರಿ. ಟಾರ್ಚ್ ಹಿಡಿದು ತೆಗೆದ ಫೋಟೋ ಇದ್ದರೆ ಅದನ್ನೂ ಹಾಕಿ.